ನಲವತ್ತೆರಡನೆಯ ಎದೆಬಡಿತ

ಪಾಡ್‌ಕ್ಯಾಸ್ಟ್ ಹಚ್ಚಿದ ಮೂರನೇ ದಿನಕ್ಕೆ ಒಂಬತ್ತನೇ ಇಯತ್ತೆಯ ಅರ್ಧ ತರಗತಿ ನಿದ್ದೆ ಹೋಗಿತ್ತು. ಇನ್ನರ್ಧ ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತಿತ್ತು. ತಪ್ಪು ಅವರದಲ್ಲ, ನನ್ನದು. ಧಾರವಾಡದ ಕನ್ನಡ ಮಾಧ್ಯಮದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ, ಯಾವುದೋ ದೇಶದ ವಿಜ್ಞಾನಿಗಳು ಗಡಿಬಿಡಿಯಲ್ಲಿ ಮಾತಾಡುವ ಇಂಗ್ಲಿಷನ್ನು ಸಿ.ಡಿ. ಪ್ಲೇಯರಿನಲ್ಲಿ ಹಚ್ಚಿ, ನಿಮಿಷಕ್ಕೊಮ್ಮೆ ನಿಲ್ಲಿಸಿ ಕನ್ನಡದಲ್ಲಿ ಹೇಳಿದರೆ ಜೀವಶಾಸ್ತ್ರ ತಾನಾಗಿ ತಲೆಗೆ ಇಳಿಯುತ್ತದೆ ಎಂದು ನಂಬಿದ್ದವಳು ನಾನು.

ಎರಡು ಸಾವಿರದ ಏಳು-ಎಂಟರ ಸುಮಾರಿನ ಮಾತು. ಪಾಡ್‌ಕ್ಯಾಸ್ಟ್ ಎಂಬ ಶಬ್ದವನ್ನು ನಮ್ಮ ಸ್ಟಾಫ್ ರೂಮಿನಲ್ಲಿ ಯಾರೂ ಕೇಳಿರಲಿಲ್ಲ. ಇಂಟರ್‌ನೆಟ್ಟಿನಿಂದ ಇಳಿಸಿಕೊಂಡು ಬೇಕೆಂದಾಗ ಕೇಳುವ ರೇಡಿಯೋ ಎಂದು ವಿವರಿಸಿದೆ. ‘ಹಂಗಾರ ರೇಡಿಯೋನ ಹಚ್ರಲ್ಲ, ಅದಕ್ಯಾಕ ಇಷ್ಟು ಒದ್ದಾಟ?’ ಎಂದು ಗಣಿತದ ಮೇಷ್ಟ್ರು ನಕ್ಕರು. ಒದ್ದಾಟವೇನೋ ನಿಜ. ಶನಿವಾರ ಮಧ್ಯಾಹ್ನ ಸೈಬರ್ ಕೆಫೆಯಲ್ಲಿ ಕೂತರೆ ಒಂದು ಕಂತು ಇಳಿಯಲು ಮುಕ್ಕಾಲು ಗಂಟೆ. ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ. ಅದನ್ನು ಸಿ.ಡಿ.ಗೆ ಬರೆಸಿ, ಭಾನುವಾರವಿಡೀ ಡಿಕ್ಷನರಿ ಹಿಡಿದು ಟಿಪ್ಪಣಿ ಮಾಡಿಕೊಂಡು ಸೋಮವಾರ ಹುರುಪಿನಿಂದ ತರಗತಿಗೆ ಹೋಗುತ್ತಿದ್ದೆ.

ನಾಲ್ಕನೆಯ ಕಂತು ಹೃದಯದ ಬಗ್ಗೆ ಇತ್ತು. ನಡುವೆ ನಿರೂಪಕ ಮಾತು ನಿಲ್ಲಿಸಿ, ಒಂದು ಆರೋಗ್ಯವಂತ ಹೃದಯದ ಸದ್ದನ್ನು ಹತ್ತು ಸೆಕೆಂಡು ಕೇಳಿಸಿದ. ಲಬ್-ಡಬ್, ಲಬ್-ಡಬ್. ಆ ಹತ್ತು ಸೆಕೆಂಡಿಗೆ ಇಂಗ್ಲಿಷ್ ಬೇಕಿರಲಿಲ್ಲ. ಇಡೀ ತರಗತಿ ಎದ್ದು ಕೂತಿತು. ಮುಂದಿನ ಬೆಂಚಿನ ಹುಡುಗಿ ಎದೆಯ ಮೇಲೆ ಕೈ ಇಟ್ಟುಕೊಂಡು ಕೇಳಿದಳು:

‘ಟೀಚರ್ರೀ, ನಮ್ಮದೂ ಹಿಂಗ ಇರ್ತೈತೇನ್ರಿ?’

ಹಾಗಾದರೆ ನಮ್ಮದೇ ಕೇಳೋಣ ಎಂದು ಅವತ್ತೇ ತೀರ್ಮಾನ ಮಾಡಿಬಿಟ್ಟೆ. ನಮ್ಮ ಶಾಲೆಯ ಸ್ವಂತ ಪಾಡ್‌ಕ್ಯಾಸ್ಟ್, ಕನ್ನಡದಲ್ಲಿ. ಹುಡುಗಿಯರೇ ಅದಕ್ಕೆ ‘ಕಿವಿಪಾಠ’ ಎಂದು ಹೆಸರಿಟ್ಟರು.

ಲ್ಯಾಬಿನಲ್ಲಿ ಒಂದು ಹಳೆಯ ಸ್ಟೆತಸ್ಕೋಪ್ ಇತ್ತು. ಅದರ ರಬ್ಬರ್ ನಳಿಕೆ ಕತ್ತರಿಸಿ, ತುದಿಯೊಳಗೆ ಕಂಪ್ಯೂಟರಿನ ಸಣ್ಣ ಮೈಕ್ ತೂರಿಸಿ, ಸೈಕಲ್ ಟ್ಯೂಬಿನ ತುಂಡು ಸುತ್ತಿ ಟೇಪು ಬಿಗಿದೆ. ಮೊದಲ ಪ್ರಯತ್ನದಲ್ಲಿ ಬಟ್ಟೆ ಉಜ್ಜುವ ಸದ್ದು ಬಿಟ್ಟರೆ ಏನೂ ಬರಲಿಲ್ಲ. ಎರಡನೆಯದರಲ್ಲಿ ಫ್ಯಾನು. ಮೂರನೆಯದರಲ್ಲಿ ರಸ್ತೆಯ ಮೇಲಿನ ಬಸ್ಸು. ಕೊನೆಗೆ ಫ್ಯಾನು ಆರಿಸಿ, ಕಿಟಕಿ ಮುಚ್ಚಿ, ಸ್ಟೆತಸ್ಕೋಪಿನ ಬಿಲ್ಲೆಯನ್ನು ನೇರ ಚರ್ಮಕ್ಕೆ ಒತ್ತಿ ಹಿಡಿದಾಗ ಸದ್ದು ಸ್ಪಷ್ಟವಾಯಿತು.

ಹದಿನಾಲ್ಕು ವರ್ಷದ ಹುಡುಗಿಯರು. ಎದೆಯ ಮೇಲೆ ಯಂತ್ರ ಇಡುವುದೆಂದರೆ ನಾಚಿಕೆ. ಹೀಗಾಗಿ ಯಾರೂ ಯಾರನ್ನೂ ನೋಡದ ಏರ್ಪಾಡು ಮಾಡಿದೆ. ಲ್ಯಾಬಿಗೂ ಪಕ್ಕದ ಕಂಪ್ಯೂಟರ್ ಕೋಣೆಗೂ ನಡುವೆ ಹಲಗೆಯ ಗೋಡೆ. ಅದರ ತೂತಿನಿಂದ ಮೈಕಿನ ವೈರು ಆಚೆಗೆ ಹೋಗುತ್ತದೆ. ಹುಡುಗಿ ಒಬ್ಬಳೇ ಮುಂದಿನ ಬಾಗಿಲಿನಿಂದ ಲ್ಯಾಬಿನೊಳಗೆ ಬರಬೇಕು, ಬಿಲ್ಲೆ ಇಟ್ಟುಕೊಂಡು ಹಲಗೆಗೆ ಎರಡು ಸಲ ಬಡಿಯಬೇಕು. ಆಚೆ ಕೂತ ನಾನು ಇಪ್ಪತ್ತೈದು ಸೆಕೆಂಡು ರೆಕಾರ್ಡ್ ಮಾಡಿ ಒಂದು ಸಲ ಬಡಿಯುತ್ತೇನೆ. ಆಕೆ ಹಿಂದಿನ ಬಾಗಿಲಿನಿಂದ ಹೊರಗೆ. ಹೆಸರು ಬೇಡ, ಬರೀ ಕ್ರಮಸಂಖ್ಯೆ ಸಾಕು. ಯಾರ ಎದೆ ಯಾವುದೆಂದು ನನಗೂ ತಿಳಿಯಬಾರದು.

ಆ ಲ್ಯಾಬಿನಲ್ಲಿ ಗಾಜಿನ ಕಪಾಟಿನೊಳಗೆ ಒಂದು ಅಸ್ಥಿಪಂಜರವಿತ್ತು. ಪ್ಲಾಸ್ಟಿಕ್ಕಿನದಲ್ಲ, ಖರೇ ಎಲುಬು, ಹಳದಿಗಟ್ಟಿದ್ದು. ನಮ್ಮೆಲ್ಲರಿಗಿಂತ ಮೊದಲೇ ಶಾಲೆಗೆ ಬಂದದ್ದು. ಸೊಂಟದ ಎಲುಬಿನ ಅಗಲ ತೋರಿಸಿ ‘ಇದು ಹೆಣ್ಣಿನದು’ ಎಂದು ನಾನೇ ಕಲಿಸಿದ್ದೆ. ಆ ಪಾಠ ಮಾಡದೆ ಇದ್ದಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿದೆ.

ರೆಕಾರ್ಡಿಂಗಿನ ದಿನ ಹಾಜರಿ ಪೂರ್ತಿ ಇತ್ತು. ಹಾಜರಿ ಪುಸ್ತಕದಲ್ಲಿ ನಲವತ್ತೊಂದು, ತರಗತಿಯಲ್ಲಿ ನಲವತ್ತೊಂದು. ಎರಡನೇ ಪಿರಿಯಡ್ಡಿಗೆ ಶುರುಮಾಡಿದೆ. ಬಡಿತ ಎರಡು, ಎದೆ, ಬಡಿತ ಒಂದು. ಊಟದ ಗಂಟೆ ಹೊಡೆಯುವ ಹೊತ್ತಿಗೆ ಹೆಡ್‌ಫೋನಿನ ಕೆಳಗೆ ಕಿವಿ ಬೆವರಿ, ಹೊಟ್ಟೆ ತಾಳ ಹಾಕುತ್ತಿತ್ತು. ಕಾರಿಡಾರಿನ ಗದ್ದಲ ಅಂಗಳಕ್ಕೆ ಇಳಿದುಹೋಯಿತು. ಮುಗಿಯಿತು ಎಂದು ಹೆಡ್‌ಫೋನ್ ತೆಗೆದಿಟ್ಟೆ. ಹಲಗೆಗೆ ಎರಡು ಸಲ ಬಡಿದ ಸದ್ದಾಯಿತು. ಮೆಲ್ಲಗೆ, ಒಂದಕ್ಕೂ ಇನ್ನೊಂದಕ್ಕೂ ಬಹಳ ಅಂತರ ಬಿಟ್ಟು.

ಯಾರೋ ಒಬ್ಬಾಕೆ ಉಳಿದಿದ್ದಾಳೆ ಎಂದುಕೊಂಡು, ಹೆಡ್‌ಫೋನ್ ಮತ್ತೆ ಹಾಕಿಕೊಳ್ಳದೆ ಗುಂಡಿ ಒತ್ತಿದೆ. ಇಪ್ಪತ್ತೈದು ಸೆಕೆಂಡು. ಒಂದು ಸಲ ಬಡಿದು, ಡಬ್ಬಿ ತೆಗೆದುಕೊಂಡು ಊಟಕ್ಕೆ ಹೋದೆ.

ಆ ವಾರವಿಡೀ ಸದ್ದು ಸೋಸುವ ಕೆಲಸ. ಪುಕ್ಕಟೆ ಸಿಗುವ ಒಂದು ಸಾಫ್ಟ್‌ವೇರಿನಲ್ಲಿ ಬೇಡದ ಸದ್ದಿನ ಮಾದರಿ ತೋರಿಸಿದರೆ ಅದನ್ನು ಇಡೀ ರೆಕಾರ್ಡಿಂಗಿನಿಂದ ಬಾಚಿ ತೆಗೆಯುತ್ತದೆ. ಬಟ್ಟೆಯ ಸರಬರ, ಬಳೆ, ಕೆಮ್ಮು ಎಲ್ಲ ತೆಗೆದೆ. ಮೊದಲ ಹದಿನೈದು ಸೆಕೆಂಡು ಇಟ್ಟುಕೊಂಡು ಉಳಿದದ್ದಕ್ಕೆ ಕತ್ತರಿ. ಕಟ್ಟಕಡೆಯದರಲ್ಲಿ ಹುಶ್ಶ್ ಹುಶ್ಶ್ ಎಂದು ಗಾಳಿ ಬೀಸಿದಂಥ ಸದ್ದು ಬಹಳ ಇತ್ತು. ‘ಗಾಳಿ. ತೆಗೆಯಬೇಕು’ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಅದನ್ನೂ ತೆಗೆದೆ. ಅದರ ಎದುರಿಗೆ ಕ್ರಮಸಂಖ್ಯೆಯನ್ನು ನನ್ನ ಕೈ ಬರೆದಿತ್ತೇ ಹೊರತು ತಲೆ ಓದಿರಲಿಲ್ಲ.

ಕಿವಿಪಾಠ ಸಿದ್ಧವಾಯಿತು. ತರಗತಿಯಲ್ಲಿ ಒಂದಾದ ಮೇಲೊಂದು ಎದೆಗಳನ್ನು ಕೇಳಿಸಿ, ಹದಿನೈದು ಸೆಕೆಂಡಿನ ಬಡಿತ ಎಣಿಸಿ ನಾಲ್ಕರಿಂದ ಗುಣಿಸಿ ಬರೆಯಲು ಹೇಳಿದೆ. ಯಾರೂ ತೂಕಡಿಸಲಿಲ್ಲ. ನನ್ನ ನೌಕರಿಯಲ್ಲಿ ಅಷ್ಟು ಹಿಗ್ಗಿದ ದಿನ ಇನ್ನೊಂದಿಲ್ಲ. ಪಟ್ಟಿ ಮುಗಿದ ಮೇಲೆ ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು.

‘ಟೀಚರ್ರೀ, ನಲವತ್ತೆರಡು ಆದೂರಿ.’

‘ನೀ ತಪ್ಪು ಎಣಿಸಿರಬೇಕು.’

‘ಇಲ್ರಿ, ಎಲ್ಲಾರದೂ ಅಷ್ಟ ಬಂದೈತ್ರಿ. ನಾವು ನಲವತ್ತೊಂದು ಮಂದಿ ಅದೇವ್ರಿ.’

ಕಂಪ್ಯೂಟರಿನಲ್ಲಿ ಎಣಿಸಿದೆ. ನಲವತ್ತೆರಡು. ಎರಡು ಸಲ ಹೋದವರು ಯಾರೆಂದು ಮೊದಲು ನಗುತ್ತ ಕೇಳಿದೆ, ಆಮೇಲೆ ಸಿಟ್ಟಿನಿಂದ ಕೇಳಿದೆ. ಎಲ್ಲರೂ ಪುಸ್ತಕ ಮುಟ್ಟಿ ಆಣೆ ಹಾಕಿದರು. ಕಡೆಯ ಎದೆಯನ್ನು ಇನ್ನೊಮ್ಮೆ ಹಚ್ಚಿದೆ. ಉಳಿದವರದು ನಿಮಿಷಕ್ಕೆ ಎಂಬತ್ತು, ತೊಂಬತ್ತು. ಇದು ನೂರಿಪ್ಪತ್ತರ ಹತ್ತಿರ.

‘ಆಕಿ ಓಡಾಕತ್ತಾಳ ಅನಸ್ತೈತ್ರಿ’ ಎಂದು ಹಿಂದಿನಿಂದ ಯಾರೋ ಮೆತ್ತಗೆ ಹೇಳಿದರು.

‘ಯಾರು ಆಕಿ?’ ಎಂದು ಗದರಿದೆ. ನಲವತ್ತೊಂದು ತಲೆಗಳು ಲ್ಯಾಬಿನ ಕಡೆಗೆ ತಿರುಗಿದವು. ಕಪಾಟಿನಲ್ಲಿದ್ದವಳು ಹೆಣ್ಣು ಎಂದು ನಾನೇ ಹೇಳಿದ್ದೆನಲ್ಲ.

ಮರುದಿನದಿಂದ ಲ್ಯಾಬಿನೊಳಗೆ ಯಾರೂ ಒಬ್ಬರೇ ಹೋಗಲಿಲ್ಲ. ‘ಅಲ್ಲಿ ಗಾಳಿ ಐತ್ರಿ’ ಎಂದು ಎಂಟನೇ ಇಯತ್ತೆಯವರೂ ಹೇಳತೊಡಗಿದರು. ನಮ್ಮ ಕಡೆ ಗಾಳಿ ಎಂದರೆ ಬೀಸುವ ಗಾಳಿಯೊಂದೇ ಅಲ್ಲ, ಮನುಷ್ಯರನ್ನು ಹಿಡಿಯುವ ಗಾಳಿಯೂ ಹೌದು. ಇಬ್ಬರಿಗೆ ಜ್ವರ ಬಂತು. ಒಂದು ಬೆಳಿಗ್ಗೆ ಲ್ಯಾಬಿನ ಚಿಲಕಕ್ಕೆ ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟಿತ್ತು. ಮುಖ್ಯೋಪಾಧ್ಯಾಯಿನಿ ನನ್ನನ್ನು ಕರೆಸಿದರು.

‘ಹುಡಿಗ್ಯಾರ ಎದೀಗೆ ಯಂತ್ರ ಹಚ್ಚೂದು, ಆಮ್ಯಾಲೆ ದೆವ್ವದ ಎದಿ ಕೇಳಸೂದು. ಇದು ಯಾವ ಪಾಠದಾಗ ಅದರೀ? ಪಾಲಕರು ನನ್ನ ಮುಂದ ಬಂದು ಕೂಡಲಿಕ್ಕತ್ತಾರ.’

‘ಮೇಡಂ, ಏನೋ ಎಣಿಕಿ ತಪ್ಪೇತಿ. ಹುಡುಕಿ ಹೇಳತೇನಿ.’

‘ಸೋಮವಾರದ ತನಕ ಹುಡುಕ್ರಿ. ಆಮ್ಯಾಲೆ ಇದು ಬಂದ್.’

ಶನಿವಾರ ಶಾಲೆ ಬೆಳಗಿನ ಪಾಳಿ. ಎಲ್ಲರೂ ಹೋದ ಮೇಲೆ ಕಂಪ್ಯೂಟರ್ ಕೋಣೆಯಲ್ಲಿ ಕೂತೆ. ಹೊರಗೆ ಮಧ್ಯಾಹ್ನದ ಬಿಸಿಲು, ಆದರೂ ಹಲಗೆಯ ಗೋಡೆಗೆ ಬೆನ್ನು ಕೊಟ್ಟು ಕೂರಲು ಮನಸ್ಸಾಗಲಿಲ್ಲ. ಕುರ್ಚಿ ತಿರುಗಿಸಿಕೊಂಡೆ. ಸೋಸಿದ್ದನ್ನು ಬಿಟ್ಟು, ಕತ್ತರಿ ಮುಟ್ಟದ ಮೂಲ ರೆಕಾರ್ಡಿಂಗನ್ನು ಹಚ್ಚಿದೆ.

ಲಬ್-ಹುಶ್ಶ್-ಡಬ್. ಲಬ್-ಹುಶ್ಶ್-ಡಬ್.

ಗಾಳಿಯ ಸದ್ದಾದರೆ ಒಮ್ಮೆ ಬರಬೇಕು, ಒಮ್ಮೆ ನಿಲ್ಲಬೇಕು. ಇದು ಹಾಗಿರಲಿಲ್ಲ. ಪ್ರತಿ ಸಲವೂ ಲಬ್ ಆದ ಮೇಲೆ, ಡಬ್ ಆಗುವುದಕ್ಕೆ ಮುಂಚೆ, ಅದೇ ಸಂದಿಯಲ್ಲಿ ಬರುತ್ತಿತ್ತು. ತೆರೆಯ ಮೇಲೆ ಅಲೆಯನ್ನು ದೊಡ್ಡದು ಮಾಡಿ ನೋಡಿದೆ. ಎಲ್ಲಿಯೂ ತಪ್ಪಿರಲಿಲ್ಲ. ಸದ್ದು ಹೊರಗಿನದಲ್ಲ, ಎದೆಯೊಳಗಿನದು. ಮುಚ್ಚಬೇಕಾದ ಬಾಗಿಲು ಪೂರ್ತಿ ಮುಚ್ಚದೆ ರಕ್ತ ಹಿಂದಕ್ಕೆ ನುಗ್ಗಿದರೆ ಹೀಗೆ ಕೇಳಿಸುತ್ತದೆ ಎಂದು ನಾಲ್ಕನೆಯ ಕಂತಿನ ಕೊನೆಯಲ್ಲಿ ಹೇಳಿದ್ದರು. ಆ ಭಾಗ ಪಠ್ಯದಲ್ಲಿಲ್ಲ ಎಂದು ನಾನು ಬಿಟ್ಟಿದ್ದೆ. ಈಗ ಅದನ್ನು ಗಲೀಜು ಎಂದು ಸೋಸಿ ಎಸೆದೂ ಬಿಟ್ಟಿದ್ದೆ.

ರೆಕಾರ್ಡಿಂಗ್ ಇನ್ನೂ ಓಡುತ್ತಿತ್ತು. ಇಪ್ಪತ್ತು ಸೆಕೆಂಡು ದಾಟಿತು. ಹೆಡ್‌ಫೋನಿನಲ್ಲಿ, ಕಿವಿಗೆ ತೀರ ಹತ್ತಿರ, ಒಂದು ಧ್ವನಿ ಪಿಸುಗುಟ್ಟಿತು.

‘ಹಾಜರ್… ರೀ.’

ಹೆಡ್‌ಫೋನ್ ಕಿತ್ತೆಸೆದು ಎದ್ದುನಿಂತೆ. ಹಲಗೆಯ ಆಚೆ ಕಪಾಟಿನ ಗಾಜು ಅಲುಗಿದಂತಾಯಿತು. ನಿಜವಾಗಿ ಅಲುಗಿತೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ವಿಜ್ಞಾನ ಕಲಿಸುವವಳು ನಾನು, ಲಿಂಬೆಹಣ್ಣು ಕಂಡು ಕೂಗಾಡಿದವಳು. ಆದರೂ ಹೆದರಿದೆ, ಸುಳ್ಳು ಯಾಕೆ ಹೇಳಲಿ.

ನೀರು ಕುಡಿದು ಮತ್ತೆ ಕೇಳಿದೆ. ಮೂರನೆಯ ಸಲ ಕೇಳುವಾಗ ಹೆದರಿಕೆ ಹೋಗಿ ಬೇರೆ ಏನೋ ಶುರುವಾಯಿತು. ‘ಹಾಜರ್’ ಮತ್ತು ‘ರೀ’ ನಡುವೆ ಒಂದು ಉಸಿರಿನ ಜಾಗವಿತ್ತು. ಆ ಜಾಗ ನನಗೆ ಪರಿಚಯದ್ದು.

ಹಾಜರಿ ಪುಸ್ತಕ ತೆಗೆದೆ. ಇಪ್ಪತ್ತಮೂರನೆಯ ನಂಬರಿನ ಮೇಲೆ ಕೆಂಪು ಗೆರೆ. ಎಳೆದದ್ದು ನಾನೇ, ದೀಪಾವಳಿಗೆ ಮುಂಚೆ. ಊರಾಚೆಯ ಕೆಲಗೇರಿಯಿಂದ ಬರುತ್ತಿದ್ದ ಹುಡುಗಿ. ದಿನಾ ತಡ. ತಡವಾಗಿ ಬಂದವರು ಬಾಗಿಲಲ್ಲಿ ನಿಂತು, ಎಲ್ಲರ ಹಾಜರಿ ಮುಗಿದ ಮೇಲೆ ಕೊನೆಗೆ ‘ಹಾಜರ್ ರೀ’ ಎನ್ನಬೇಕೆಂಬುದು ನನ್ನ ಕಾನೂನು. ಅವಳು ಏದುಸಿರು ಬಿಡುತ್ತ, ಎರಡು ತುಂಡು ಮಾಡಿ ಹೇಳುತ್ತಿದ್ದಳು. ‘ಇನ್ನೊಂದೀಟು ಲಗೂ ಏಳಾಕ ಬರೂದಿಲ್ಲೇನ?’ ಎಂದು ನಾನು ಬಯ್ಯುತ್ತಿದ್ದೆ. ಆಮೇಲೆ ರಜೆ ಚೀಟಿಗಳು ಬರತೊಡಗಿದವು. ಒಂದು ವಾರ ಮೊಣಕಾಲು ನೋವು, ಮುಂದಿನ ವಾರ ಮುಂಗೈ ನೋವು. ‘ನಿನ್ನ ನೋವು ಊರೂರು ತಿರಗ್ತೈತೇನವಾ?’ ಎಂದು ಇಡೀ ತರಗತಿಯ ಮುಂದೆ ಕೇಳಿ ಎಲ್ಲರನ್ನೂ ನಗಿಸಿದ್ದೆ. ಆಮೇಲೆ ಚೀಟಿಯೂ ಬರಲಿಲ್ಲ, ಅವಳೂ ಬರಲಿಲ್ಲ. ನಿಯಮದ ಪ್ರಕಾರ ಹೆಸರು ಕಡಿದೆ.

ಬೀಗ ಹಾಕಲು ಬಂದ ಶಾಲೆಯ ಸಿಪಾಯಿ ಬಾಗಿಲಲ್ಲಿ ನಿಂತ. ರಿಟೈರ್ ಆಗಲು ಬಂದ ಮನುಷ್ಯ.

‘ಯಾಕ್ರಿ ಬಾಯಾರ, ಮಾರಿ ಬೆಳ್ಳಗಾಗೇತಿ?’

‘ರೆಕಾರ್ಡಿಂಗ್ ಮಾಡಿದ ದಿನ ಹೊರಗಿನವ್ರು ಯಾರರ ಬಂದಿದ್ರೇನು?’

‘ಹೊರಗಿನವ್ರು ಯಾರ್ರಿ… ಆ ಕೆಲಗೇರಿ ಹುಡಿಗಿ ಬಂದಿತ್ತಲ್ರಿ, ಅವ್ವನ ಸಂಗಾಟ, ಟಿ.ಸಿ. ಒಯ್ಯಾಕ. ಕ್ಲಾರ್ಕ್ ಇರಲಿಲ್ಲ, ಹೊಳ್ಳಿ ಹ್ವಾದ್ರು. ಅವ್ವ ಆಫೀಸಿನ ಮುಂದ ಕುಂತಿದ್ಲು. ಹುಡಿಗಿ ಲ್ಯಾಬಿನ ಹಿಂದ ಅಡ್ಡಾಡಾಕತ್ತಿತ್ತು. ಗ್ವಾಡಿ ಹಿಡಕೊಂಡು ಹಿಡಕೊಂಡು ನಡೀತಿತ್ರಿ.’

ನಲವತ್ತೆರಡನೆಯ ಎದೆ ಯಾರದೆಂದು ತಿಳಿಯಿತು. ರೆಕಾರ್ಡಿಂಗ್ ಆಗಿ ಹತ್ತು ದಿನ ಕಳೆದಿದ್ದವು. ಆ ಹತ್ತು ದಿನ ಆ ಎದೆ ಹೇಗೆ ಬಡಿದಿರಬಹುದು ಎಂದು ಯೋಚಿಸುತ್ತ ಅವಳ ಮನೆಯ ವಿಳಾಸ ಬರೆದುಕೊಂಡೆ.

ಭಾನುವಾರ ಬೆಳಿಗ್ಗೆ ಮೂಲ ರೆಕಾರ್ಡಿಂಗನ್ನು ಸಣ್ಣ ಎಂ.ಪಿ.ತ್ರೀ ಪ್ಲೇಯರಿಗೆ ಹಾಕಿಕೊಂಡು ಕೆಲಗೇರಿಗೆ ಹೋದೆ. ಕೆರೆಯ ದಂಡೆಯ ಈಚೆಗೆ ಎರಡು ಕೋಣೆಯ ಮನೆ. ಹುಡುಗಿ ಗೋಡೆಗೆ ಎರಡು ದಿಂಬು ಒಡ್ಡಿ ಒರಗಿ ಕೂತಿದ್ದಳು. ರಟ್ಟೆಗೆ ಕರಿದಾರ, ಪಾದ ಬಾತಿತ್ತು. ನನ್ನನ್ನು ಕಂಡು ಏಳಲು ನೋಡಿದಳು, ಆಗಲಿಲ್ಲ. ತಾಯಿ ಲಕಮನಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುವವಳು.

‘ಮಲಗಿದ್ರ ಉಸರ ಬರೂದಿಲ್ರಿ ಅಕ್ಕೋರ. ರಾತ್ರಿಯೆಲ್ಲಾ ಹಿಂಗ ಕುಂತಿರ್ತಾಳ್ರಿ. ಕೆರಿ ಗಾಳಿ ಹಿಡದೈತ್ರಿ ಆಕೀಗೆ. ಅಮಾಸಿ ಮಟಾ ತಡೀರಿ, ಬಿಡಸ್ತೇವಿ ಅಂದಾರ.’

ಅಮಾವಾಸ್ಯೆಗೆ ಇನ್ನೂ ಹನ್ನೆರಡು ದಿನವಿತ್ತು. ಗಾಳಿಯೂ ಇಲ್ಲ ಮಣ್ಣೂ ಇಲ್ಲ ಎಂದು ಒದರಲು ಬಾಯಿ ತೆರೆದೆ. ಅದರ ಬದಲು ಇಯರ್‌ಫೋನನ್ನು ತಾಯಿಯ ಕಿವಿಗೆ ಇಟ್ಟು, ‘ಇದು ನಿಮ್ಮ ಮಗಳ ಎದಿ ಸಪ್ಪಳ, ಕೇಳ್ರಿ’ ಎಂದೆ. ಕೇಳಿ ನಂಬುತ್ತಾಳೆ ಎಂದುಕೊಂಡಿದ್ದೆ. ಆಕೆ ಕೇಳಿದಳು, ಕಣ್ಣು ಅಗಲವಾದವು.

‘ನೋಡ್ರಿ, ನಾ ಹೇಳ್ಲಿಲ್ಲೇನ್ರಿ? ಗಾಳಿನ ಐತಲ್ರಿ ಒಳಗ! ಹುಶ್ಶ್ ಅನ್ನಾಕತ್ತೈತಿ!’

ಚೀಲದಲ್ಲಿದ್ದ ನನ್ನ ನೋಟ್‌ಬುಕ್ಕಿನಲ್ಲಿಯೂ ಅದೇ ಶಬ್ದವಿತ್ತು. ಗಾಳಿ, ತೆಗೆಯಬೇಕು. ನಾವಿಬ್ಬರೂ ಒಂದೇ ಸದ್ದನ್ನು ಕೇಳಿ ಒಂದೇ ಹೆಸರು ಕೊಟ್ಟಿದ್ದೆವು. ಆಕೆ ಮಗಳನ್ನು ಉಳಿಸಿಕೊಳ್ಳಲು ಒದ್ದಾಡುತ್ತಿದ್ದಳು, ನಾನು ಗುಂಡಿ ಒತ್ತಿ ಊಟಕ್ಕೆ ಹೋಗಿದ್ದೆ, ಆಮೇಲೆ ಸದ್ದನ್ನೇ ಅಳಿಸಿದ್ದೆ. ಇವಳೊಡನೆ ವಾದಿಸಲು ನನಗೆ ಯಾವ ಅಧಿಕಾರವೂ ಇಲ್ಲ ಎನ್ನಿಸಿತು. ವಾದ ಗೆದ್ದು ಹನ್ನೆರಡು ದಿನ ಕಳೆದುಕೊಂಡರೆ ಯಾರಿಗೆ ಏನು ಬಂತು?

‘ಖರೇ ಐತಿ’ ಎಂದೆ. ‘ಒಳಗ ಗಾಳಿ ಐತಿ. ಅದನ್ನ ನೋಡೋ ಡಾಕ್ಟರ್ ಅದಾರ. ಅಮಾಸಿ ಮಟಾ ತಡಿಯೂದು ಬ್ಯಾಡ, ಈಗ ಏಳ್ರಿ. ದಾರ ಕೈಯಾಗ ಇರ್ಲಿ, ತಗೀಬ್ಯಾಡ್ರಿ.’

ಹದಿನೆಂಟು ವರ್ಷ ಪಾಠ ಮಾಡಿದ ನಾಲಗೆಯಿಂದ ಆ ಮಾತು ಸುಲಭಕ್ಕೆ ಬರಲಿಲ್ಲ. ಆದರೆ ತಾಯಿ ಆಗಲೇ ಚಪ್ಪಲಿ ಹುಡುಕುತ್ತಿದ್ದಳು.

ದವಾಖಾನೆಯಲ್ಲಿ ಡ್ಯೂಟಿಯ ಮೇಲಿದ್ದ ಡಾಕ್ಟರು ನನ್ನ ಪ್ಲೇಯರ್ ನೋಡಿ ನಕ್ಕರು. ಸ್ಟೆತಸ್ಕೋಪ್ ಇಟ್ಟ ಮೇಲೆ ನಗಲಿಲ್ಲ. ಬಹಳ ಹೊತ್ತು ಕೇಳಿ, ಹುಡುಗಿಯನ್ನು ವಿಚಾರಿಸಿದರು.

‘ಮದ್ಲ ಗಂಟಲ ನೋವು ಬಂದಿತ್ತೇನು? ಆಮ್ಯಾಲೆ ಕೀಲು ನೋವು? ಒಂದು ಕೀಲಿಂದ ಇನ್ನೊಂದಕ್ಕ ಹರದಾಡ್ತಿತ್ತೇನು?’

ಹುಡುಗಿ ಡಾಕ್ಟರನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಊರೂರು ತಿರುಗುವ ನೋವು. ಗಂಟಲಿನಿಂದ ಶುರುವಾಗಿ ಹೃದಯದ ಕವಾಟ ಕೆಡಿಸುವ ರುಮ್ಯಾಟಿಕ್ ಜ್ವರದ ಗುರುತೇ ಅದು ಎಂದು ಡಾಕ್ಟರು ತಾಯಿಗೆ ಹೇಳುತ್ತಿದ್ದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ, ‘ಹೌದ್ರಿ, ಹರದಾಡ್ತಿತ್ತು. ನನಗ ಗೊತ್ತಿತ್ತು’ ಎಂದೆ. ಅಷ್ಟು ನಾಚಿಕೆ ನನಗೆ ಜೀವಮಾನದಲ್ಲಿ ಆಗಿಲ್ಲ.

ಅವತ್ತೇ ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಕಳಿಸಿದರು. ಕವಾಟವೊಂದು ಸೋರುತ್ತಿತ್ತು. ಎದೆಯ ಸುತ್ತ ನೀರು ಕೂಡಿತ್ತು. ಮೂರು ವಾರ ಅಲ್ಲಿಯೇ ಇರಬೇಕಾಯಿತು. ಮುಂದೆ ಆಪರೇಶನ್ ಬೇಕಾಗಬಹುದು, ಸದ್ಯಕ್ಕೆ ಔಷಧಿ, ಮತ್ತೆ ಇಪ್ಪತ್ತೊಂದು ದಿನಕ್ಕೊಂದು ಇಂಜೆಕ್ಷನ್, ಅದು ಒಂದೂ ತಪ್ಪುವಂತಿಲ್ಲ. ‘ಅಮಾಸಿ ಮಟಾ ಕಾದಿದ್ರ ನಾವು ಮಾಡೂದು ಏನೂ ಉಳೀತಿರಲಿಲ್ಲ’ ಎಂದು ಅಲ್ಲಿನ ಡಾಕ್ಟರು ನನ್ನನ್ನು ಬದಿಗೆ ಕರೆದು ಹೇಳಿದರು.

ಸೋಮವಾರ ಮುಖ್ಯೋಪಾಧ್ಯಾಯಿನಿಯವರಿಗೆ ಎಲ್ಲವನ್ನೂ ಹೇಳಿದೆ, ಕೆಂಪು ಗೆರೆಯಿಂದ ಹಿಡಿದು. ಅವರು ಕಿವಿಪಾಠ ಬಂದ್ ಮಾಡಲಿಲ್ಲ. ಹುಡುಗಿಯನ್ನೂ ತಾಯಿಯನ್ನೂ ಕೇಳಿಕೊಂಡು, ಸೋಸದ ರೆಕಾರ್ಡಿಂಗನ್ನು ತರಗತಿಯಲ್ಲಿ ಹಚ್ಚಿದೆ. ಹುಶ್ಶ್ ಎಂಬುದು ಏನೆಂದು ಕರಿಹಲಗೆಯ ಮೇಲೆ ಕವಾಟದ ಚಿತ್ರ ಬರೆದು ತೋರಿಸಿದೆ. ಕೊನೆಯ ‘ಹಾಜರ್… ರೀ’ ಬಂದಾಗ ಮುಂದಿನ ಬೆಂಚಿನ ಹುಡುಗಿ ಅಳತೊಡಗಿದಳು. ಮಧ್ಯಾಹ್ನ ಹೋಗಿ ನೋಡಿದರೆ ಚಿಲಕದ ಲಿಂಬೆಹಣ್ಣು ಇರಲಿಲ್ಲ.

ದವಾಖಾನೆಯಲ್ಲಿ ಒಂದು ದಿನ ಅವಳನ್ನು ಕೇಳಿಯೇ ಬಿಟ್ಟೆ. ಲ್ಯಾಬಿಗೆ ಯಾಕೆ ಬಂದೆ?

‘ಎಲ್ಲಾರದೂ ತಗೋಳಾಕತ್ತಾರ, ಎರಡ ಸಲ ಬಡೀಬೇಕು ಅಂತ ಹುಡಿಗ್ಯಾರು ಮಾತಾಡೂದು ಕೇಳಿಸ್ತ್ರಿ. ನಂದೂ ಇರ್ಲಿ ಅಂತ ಬಂದೆ ಟೀಚರ್ರೀ.’

‘ಹಾಜರಿ ಯಾಕ ಹೇಳಿದಿ? ಅದೂ ಕಡೀಕ?’

ಇದೇನು ಕೇಳುತ್ತಾರೆ ಎಂಬಂತೆ ನನ್ನನ್ನು ನೋಡಿದಳು. ‘ಲೇಟಾಗಿ ಬಂದಾವ್ರು ಕಡೀಕ ಹೇಳಬೇಕಲ್ರಿ.’

ಅವಳ ಹೆಸರನ್ನು ಮತ್ತೆ ಬರೆದೆ. ಕಡಿದ ನಂಬರು ತಿರುಗಿ ಬರುವುದಿಲ್ಲ, ಹೀಗಾಗಿ ಎಲ್ಲರ ಕೆಳಗೆ ಹೊಸದಾಗಿ. ಇಂಜೆಕ್ಷನ್ನಿನ ದಿನ ಆ ಕೊನೆಯ ನಂಬರ್ ಕರೆದರೆ ಇಡೀ ತರಗತಿ ‘ಇಂಜೆಕ್ಷನ್ ರೀ!’ ಎಂದು ಒಟ್ಟಿಗೆ ಕೂಗುತ್ತಿತ್ತು.

ಜನವರಿಯ ಒಂದು ಬೆಳಿಗ್ಗೆ, ಚಳಿ ಬಹಳವಿತ್ತು, ಆ ನಂಬರ್ ಕರೆದಾಗ ಯಾರೂ ಮಾತಾಡಲಿಲ್ಲ. ಇಂಜೆಕ್ಷನ್ನಿನ ದಿನ ಅಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಪೆನ್ನು ಗೈರುಹಾಜರಿಯ ಗುರುತು ಹಾಕುವ ಜಾಗದ ಮೇಲೆ ಹೋಗಿ ನಿಂತಿತು, ಕೆಳಗೆ ಇಳಿಯಲಿಲ್ಲ. ನಾನು ಪೆನ್ನಿನ ಮುಚ್ಚಳ ಹಾಕಿ ಕಾದೆ. ಎಷ್ಟೋ ಹೊತ್ತಾದ ಮೇಲೆ ಕಾರಿಡಾರಿನಲ್ಲಿ ಹೆಜ್ಜೆಯ ಸದ್ದಾಯಿತು. ನಿಧಾನ, ಒಂದಕ್ಕೂ ಇನ್ನೊಂದಕ್ಕೂ ಅಂತರ ಬಿಟ್ಟು. ಬಾಗಿಲ ಚೌಕಟ್ಟಿನ ಮೇಲೆ ಒಂದು ಕೈ ಕಂಡಿತು.

‘ಬಸ್ ಬರ್ಲಿಲ್ರಿ ಟೀಚರ್. ಹಾಜರ್…’

‘ಮದ್ಲ ಬಂದು ಕುಂದರವಾ’ ಎಂದೆ. ‘ಸಾವಕಾಶ ಉಸರ ತಗೋ. ಆಮ್ಯಾಲೆ ಹೇಳಂತಿ, ನಾ ಇಲ್ಲೇ ಅದೇನಿ.’